ಪರದೇಶದಲ್ಲಿ ಮಾನಸಿಕ ಕಾಯಿಲೆ ಕಾಣಿಸಿಕೊಂಡರೆ: ಮನೆಯವರು ಮಾಡಬೇಕಾದ್ದೇನು?

ಇಂಥ ಫೋನ್ ಬರುವುದು ಹೊತ್ತಲ್ಲದ ಹೊತ್ತಿನಲ್ಲಿ. ಆ ಕಡೆ ಮಾತಾಡುವವರು ಹೋಟೆಲಿನವರೋ, ಪೊಲೀಸರೋ, ಜೊತೆಗೆ ಹೋದ ಗೆಳೆಯನೋ ಆಗಿರುತ್ತಾರೆ. ನಿಮ್ಮ ತಮ್ಮ ಮೂರು ದಿನದಿಂದ ನಿದ್ದೆ ಮಾಡಿಲ್ಲ, ಯಾರೋ ಬೆನ್ನು ಹತ್ತಿದ್ದಾರೆ ಅಂತ ಹೇಳುತ್ತಿದ್ದಾನೆ, ಈಗ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದಾರೆ. ಕೇಳಿದವರ ಕೈಕಾಲು ತಣ್ಣಗಾಗುತ್ತದೆ. ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು ಒಂದೇ: "ಹೇಗಾದರೂ ಮಾಡಿ ಮುಂದಿನ ವಿಮಾನ ಹತ್ತಿಸಿಬಿಡಿ, ಇಲ್ಲಿಗೆ ಬಂದರೆ ಎಲ್ಲ ಸರಿಹೋಗುತ್ತದೆ."

ಆ ಆತುರ ನನಗೆ ಅರ್ಥವಾಗುತ್ತದೆ. ಆದರೂ ಮನೆಗೆ ಕರೆತರುವ ಮಾತನ್ನು ಕೆಲವು ದಿನ ಪಕ್ಕಕ್ಕಿಡಿ. ಅಲ್ಲಿನ ವೈದ್ಯರ ಎದುರು ಈಗ ಇರುವುದು ಹಿಂದಿಲ್ಲ ಮುಂದಿಲ್ಲದ ಒಬ್ಬ ಅಪರಿಚಿತ. ಅವನು ಮಾಮೂಲಿ ದಿನಗಳಲ್ಲಿ ಹೇಗಿರುತ್ತಾನೆ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದ, ಹಿಂದೆ ಹೀಗಾಗಿತ್ತಾ, ಇದ್ಯಾವುದೂ ಅವರಿಗೆ ಗೊತ್ತಿಲ್ಲ. ನಿಮಗೆ ಗೊತ್ತು. ಅದನ್ನು ಆ ವಾರ್ಡಿಗೆ ತಲುಪಿಸುವುದೇ ನಿಮ್ಮ ಮೊದಲ ಕೆಲಸ.

ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಗೆ ಏನು ಹೇಳಬೇಕು

ಇನ್ನೂ ಆಸ್ಪತ್ರೆಗೆ ಸೇರಿಸಿಲ್ಲ, ಜೊತೆಗಾರರು ಫೋನಿನಲ್ಲಿದ್ದಾರೆ ಅಂದುಕೊಳ್ಳಿ. ಅವರಿಗೆ ಮೊದಲು ಹೇಳಿ: ಒಬ್ಬರನ್ನೇ ಬಿಡಬೇಡಿ. ಸದ್ದು, ಗುಂಪು ಕಡಿಮೆ ಇರುವ ಕಡೆ ಕೂರಿಸಿ. ಒಬ್ಬರೇ ಮಾತಾಡಿ, ಮೆಲ್ಲಗೆ, ಚಿಕ್ಕ ಮಾತುಗಳಲ್ಲಿ. "ಯಾರೂ ಬೆನ್ನು ಹತ್ತಿಲ್ಲ, ಸುಮ್ನೆ ಏನೇನೋ ಅಂದುಕೋಬೇಡ" ಎಂದು ವಾದ ಮಾಡಿದರೆ ಭಯ ಜಾಸ್ತಿಯಾಗುತ್ತದೆ. "ಹೌದು, ಹಿಂದೆಯೇ ಬರುತ್ತಿದ್ದಾರೆ" ಎಂದು ತಾಳ ಹಾಕುವುದೂ ಬೇಡ. "ನಿನಗೆ ತುಂಬ ಭಯ ಆಗ್ತಿದೆ ಅಂತ ಕಾಣ್ತಿದೆ, ನಾನು ಜೊತೆಗಿರ್ತೀನಿ, ಡಾಕ್ಟರ ಹತ್ತಿರ ಹೋಗೋಣ" ಎಂದರೆ ಸಾಕು.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ. ಸಾಯಬೇಕು ಅನ್ನಿಸುತ್ತಿದೆಯಾ, ಹೇಗೆ ಅಂತ ಯೋಚಿಸಿದ್ದೀಯಾ? ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೋಣೆ ಮೇಲಿನ ಮಹಡಿಯಲ್ಲಿದ್ದರೆ ಕೆಳಗೆ ಕರೆತರಬೇಕು. ಮಾತ್ರೆ, ಚಾಕು, ಬ್ಲೇಡು ಕೈಗೆ ಸಿಗದ ಹಾಗೆ ಎತ್ತಿಡಬೇಕು. ಆ ದೇಶದ ತುರ್ತು ನಂಬರಿಗೆ ಕರೆ ಮಾಡಿ ಆಂಬುಲೆನ್ಸ್ ಕೇಳಬೇಕು. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳಲ್ಲೂ ಅದು 112. ಬೇರೆ ಕಡೆ ಹೋಟೆಲಿನ ರಿಸೆಪ್ಷನ್‌ನವರನ್ನು ಕೇಳಿದರೆ ಬೇಗ ಗೊತ್ತಾಗುತ್ತದೆ, ಅವರೇ ಕರೆ ಮಾಡಿದರೆ ಸ್ಥಳೀಯ ಭಾಷೆಯಲ್ಲಿ ವಿಳಾಸ ಹೇಳುವುದೂ ಸುಲಭ.

ಈ ಸ್ಥಿತಿಯಲ್ಲಿ ವಿಮಾನ ನಿಲ್ದಾಣಕ್ಕಂತೂ ಕರೆದೊಯ್ಯಬೇಡಿ. 1963ರ ಟೋಕಿಯೊ ಒಪ್ಪಂದದ ಪ್ರಕಾರ ವಿಮಾನದ ಸುರಕ್ಷತೆಗೆ ಅಪಾಯ ಅನ್ನಿಸಿದವರನ್ನು ಕಟ್ಟಿ ಕೂರಿಸುವ, ಇಳಿದ ಕಡೆ ಅಲ್ಲಿನ ಅಧಿಕಾರಿಗಳಿಗೆ ಒಪ್ಪಿಸುವ ಅಧಿಕಾರ ಪೈಲಟ್‌ಗೆ ಇದೆ. ಆಗ ಕಾಯಿಲೆಯ ಜೊತೆಗೆ ಮೂರನೆಯ ದೇಶದಲ್ಲೊಂದು ಪೊಲೀಸ್ ಕೇಸೂ ಬೀಳಬಹುದು.

ಮೊದಲು ದೊಡ್ಡಾಸ್ಪತ್ರೆಯ ಎಮರ್ಜೆನ್ಸಿ

ನೇರವಾಗಿ ಮಾನಸಿಕ ಆಸ್ಪತ್ರೆಗೆ ಹೋಗುವುದಕ್ಕಿಂತ ಎಲ್ಲ ವಿಭಾಗಗಳೂ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗುವುದು ಒಳ್ಳೆಯದು. ಮನಸ್ಸಿನ ಕಾಯಿಲೆಯ ಹಾಗೆ ಕಾಣುವ ಎಷ್ಟೋ ಸಂಗತಿಗಳ ಬೇರು ದೇಹದಲ್ಲಿರುತ್ತದೆ, ಪ್ರವಾಸದಲ್ಲಂತೂ ಇನ್ನೂ ಜಾಸ್ತಿ. ಮಿದುಳಿಗೆ ಏರಿದ ಮಲೇರಿಯಾ, ಮಿದುಳಿನ ಸೋಂಕು, ತಲೆಗೆ ಬಿದ್ದ ಪೆಟ್ಟು, ರಕ್ತದಲ್ಲಿ ಸಕ್ಕರೆ ಅಥವಾ ಸೋಡಿಯಂ ಇಳಿಯುವುದು ಎಲ್ಲವೂ ಮನುಷ್ಯನನ್ನು ಗೊಂದಲಕ್ಕೆ ದೂಡುತ್ತವೆ. ದಿನಾ ಕುಡಿಯುತ್ತಿದ್ದವರು ಪ್ರವಾಸದಲ್ಲಿ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಗಿ, ಬೆವರಿ, ಇಲ್ಲದ್ದು ಕಾಣತೊಡಗುತ್ತದೆ. ಇದು ಜೀವಕ್ಕೇ ಕುತ್ತು ತರಬಲ್ಲದು. ನಿದ್ದೆ ಮಾತ್ರೆ ಒಮ್ಮೆಲೇ ಬಿಟ್ಟರೂ ಹೀಗೇ ಆಗಬಹುದು.

ಮಲೇರಿಯಾ ಬಾರದಿರಲಿ ಎಂದು ನುಂಗುವ ಮೆಫ್ಲೋಕ್ವಿನ್ ಮಾತ್ರೆಯೇ ಕೆಲವರಲ್ಲಿ ಕೆಟ್ಟ ಕನಸು, ಅನುಮಾನ, ಭ್ರಮೆ ತರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಅದರ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಮನಸ್ಸಿನ ಅತಿಯಾದ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರ ಕಥೆ ಬೇರೆ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ, ಇಲ್ಲವೇ ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಿದರೆ, ರಕ್ತದಲ್ಲಿ ಲಿಥಿಯಂ ವಿಷದ ಮಟ್ಟಕ್ಕೆ ಏರಬಹುದು. ನಡುಕ, ತೊದಲು ಮಾತು, ತೂರಾಡುವ ನಡಿಗೆ ಕಂಡರೆ ಒಂದು ರಕ್ತ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ಆದರೆ ಆತ ಲಿಥಿಯಂ ತೆಗೆದುಕೊಳ್ಳುತ್ತಾನೆ ಎಂದು ಯಾರಾದರೂ ಹೇಳಿದರೆ ತಾನೇ ಆ ಪರೀಕ್ಷೆ ಮಾಡುವುದು?

ಹಾಗಾಗಿ ವೈದ್ಯರಿಗೆ ಕಳೆದ ಒಂದು ತಿಂಗಳಲ್ಲಿ ಹೋದ ಊರುಗಳು, ಬಂದ ಜ್ವರ, ಬಿದ್ದ ಪೆಟ್ಟು, ಕುಡಿತ, ಸೇದಿದ್ದು ಎಲ್ಲ ಹೇಳಿ. ಗಾಂಜಾ ಸೇದಿದ್ದನ್ನು ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ. ಕೆಲವು ದೇಶಗಳಲ್ಲಿ ಇದಕ್ಕೆ ಕಾನೂನಿನ ಭಯವೂ ಇದೆ, ನಿಜ. ಅದಕ್ಕೇ ಇದನ್ನು ವೈದ್ಯರಿಗೆ ಮಾತ್ರ ಹೇಳಿ, ಬಾಗಿಲಲ್ಲಿ ನಿಂತ ಪೊಲೀಸರಿಗಲ್ಲ.

ದೇಹದ ಕಾರಣ ಯಾವುದೂ ಸಿಗದೆ ಹೋದರೂ ಪ್ರವಾಸವೇ ಕಾಯಿಲೆಯನ್ನು ಕೆದಕಿರಬಹುದು. ಲಂಡನ್ನಿನ ಹೀಥ್ರೊ ವಿಮಾನ ನಿಲ್ದಾಣದಿಂದ ಆಸ್ಪತ್ರೆಗೆ ಬಂದ ಮನೋರೋಗಿಗಳ ಬಗ್ಗೆ 1982ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಪಶ್ಚಿಮದ ಕಡೆಗೆ ಹಾರಿದವರಲ್ಲಿ ಖಿನ್ನತೆ ಜಾಸ್ತಿ ಕಂಡರೆ, ಪೂರ್ವದ ಕಡೆಗೆ ಹಾರಿದವರಲ್ಲಿ ಅತಿ ಉತ್ಸಾಹದ ಉನ್ಮಾದ ಜಾಸ್ತಿ ಕಂಡಿತ್ತು. ಜೆರುಸಲೇಮಿನ ಕ್ಫಾರ್ ಶೌಲ್ ಮಾನಸಿಕ ಆಸ್ಪತ್ರೆಗೆ 1980ರಿಂದ 1993ರ ತನಕ ಸುಮಾರು 1,200 ಪ್ರವಾಸಿಗರನ್ನು ಕಳಿಸಲಾಗಿತ್ತು, ಅವರಲ್ಲಿ 470 ಜನರನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳಬೇಕಾಯಿತು. ಅನೇಕರಿಗೆ ಕಾಯಿಲೆ ಮೊದಲೇ ಇತ್ತು. ನಿದ್ದೆಗೇಡು, ಬಿಟ್ಟುಹೋದ ಮಾತ್ರೆ, ಒಂಟಿತನ, ಭಾಷೆ ಬಾರದ ಊರು ಸೇರಿದರೆ ಹಳೆಯ ಕಾಯಿಲೆ ಎದ್ದು ಕೂರುವುದು ಕಷ್ಟವಲ್ಲ. ನಿಮ್ಮವರೊಬ್ಬರಿಗೇ ಹೀಗಾಯಿತು ಅಂತ ಕುಗ್ಗಬೇಡಿ.

ಒಂದು ಪುಟ ಬರೆದು ಕಳಿಸಿ

ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಮುಖ್ಯವಾದದ್ದು ಇದು. ವಾರ್ಡಿಗೆ ಫೋನ್ ಮಾಡಿದರೆ "ರೋಗಿಯ ಒಪ್ಪಿಗೆ ಇಲ್ಲದೆ ಏನೂ ಹೇಳುವಂತಿಲ್ಲ" ಎನ್ನಬಹುದು. ಆತ ಅಲ್ಲಿದ್ದಾನೋ ಇಲ್ಲವೋ ಎಂದೂ ಹೇಳದಿರಬಹುದು. ಸಿಟ್ಟು ಬರುತ್ತದೆ, ಬರಬೇಕಾದ್ದೇ. ಆದರೆ ಗೌಪ್ಯತೆಯ ನಿಯಮ ತಡೆಯುವುದು ಅವರು ನಿಮಗೆ ಹೇಳುವುದನ್ನು. ನೀವು ಹೇಳಿದ್ದನ್ನು ಅವರು ಕೇಳಿಸಿಕೊಳ್ಳುವುದಕ್ಕೆ ಅದು ಅಡ್ಡಿಯಲ್ಲ. ಹೀಗೆ ಹೇಳಿ: "ನೀವು ಏನೂ ಹೇಳಬೇಡಿ. ನಾನು ಹೇಳುವುದನ್ನು ಬರೆದುಕೊಂಡು ಅವನ ಡಾಕ್ಟರಿಗೆ ಕೊಡಿ. ಈಮೇಲ್ ವಿಳಾಸ ಕೊಟ್ಟರೆ ಬರೆದು ಕಳಿಸುತ್ತೇನೆ." ಮಾತಾಡಿದವರ ಹೆಸರು, ಹೊತ್ತು ಬರೆದಿಟ್ಟುಕೊಳ್ಳಿ.

ಪುಟದ ಮೇಲ್ಗಡೆ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ನಿಮ್ಮ ಸಂಬಂಧ, ನಿಮ್ಮ ಫೋನ್. ಆಮೇಲೆ ಔಷಧ. ಬ್ರಾಂಡ್ ಹೆಸರು ಬರೆದರೆ ಉಪಯೋಗವಿಲ್ಲ, ದೇಶ ಬದಲಾದರೆ ಬ್ರಾಂಡ್ ಬದಲಾಗುತ್ತದೆ. ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿರುವ ಮೂಲ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆಷ್ಟು ಬಾರಿ, ಕೊನೆಯದಾಗಿ ಯಾವಾಗ ತೆಗೆದುಕೊಂಡದ್ದು ಎಂದು ಬರೆಯಿರಿ. ಕೊನೆಯ ಮಾತ್ರೆಯ ಹೊತ್ತಿಗೆ ಬೆಲೆಯಿದೆ. ಉದಾಹರಣೆಗೆ ಸ್ಕಿಜೋಫ್ರೀನಿಯಾದಂಥ ಕಾಯಿಲೆಗೆ ಕೊಡುವ ಕ್ಲೋಜಪಿನ್ ಮಾತ್ರೆ 48 ಗಂಟೆಗಿಂತ ಜಾಸ್ತಿ ತಪ್ಪಿದ್ದರೆ ಹಳೆಯ ಡೋಸನ್ನು ಒಮ್ಮೆಲೇ ಕೊಡುವಂತಿಲ್ಲ, ಮತ್ತೆ ಕಡಿಮೆಯಿಂದ ಶುರುಮಾಡಬೇಕು. ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ ಇದ್ದರೆ ಕೊನೆಯದು ಯಾವ ದಿನ ಎಂದು ಬರೆಯಿರಿ. ಯಾವ ಔಷಧ ಹಿಂದೆ ಒಗ್ಗಲಿಲ್ಲ, ಯಾವುದರಿಂದ ಮೈ ಬಿಗಿಯಿತು, ಅಲರ್ಜಿ ಏನು ಎಂಬುದೂ ಇರಲಿ.

ಹಿಂದೆ ಹೀಗಾದಾಗ ಹೇಗೆ ಶುರುವಾಯಿತು, ಎಷ್ಟು ದಿನಕ್ಕೆ ಇಳಿಯಿತು, ಯಾವುದರಿಂದ ಇಳಿಯಿತು ಅಂತ ನಾಲ್ಕು ಸಾಲು ಬರೆಯಿರಿ. ಹಿಂದೆ ಜೀವ ತೆಗೆದುಕೊಳ್ಳಲು ಪ್ರಯತ್ನಿಸಿದ್ದರೆ ಅದನ್ನು ತಪ್ಪದೆ ಬರೆಯಿರಿ. ನೋಡಿಕೊಳ್ಳುತ್ತಿದ್ದ ಮನೋವೈದ್ಯರ ಹೆಸರು, ಫೋನ್ ಕೊಡಿ. ಆ ವೈದ್ಯರಿಗೂ ಹೇಳಿ, ಡಾಕ್ಟರು ಡಾಕ್ಟರು ಮಾತಾಡಿಕೊಂಡರೆ ಹತ್ತು ನಿಮಿಷದಲ್ಲಿ ಆಗುವ ಕೆಲಸ ನಮ್ಮ ಹತ್ತು ಫೋನಿನಲ್ಲೂ ಆಗುವುದಿಲ್ಲ.

ಕೊನೆಯಲ್ಲಿ, ಆತ ಚೆನ್ನಾಗಿದ್ದಾಗ ಹೇಗಿರುತ್ತಾನೆ ಎಂದು ಬರೆಯಿರಿ. ದಿನಾ ಎರಡು ಹೊತ್ತು ಪೂಜೆ ಮಾಡುವವನು ವಾರ್ಡಿನಲ್ಲೂ ಮಂತ್ರ ಗುನುಗಿದರೆ ಅದು ಹುಚ್ಚಿನ ಲಕ್ಷಣವಲ್ಲ. ಸ್ವಭಾವತಃ ಮಾತು ಕಡಿಮೆ ಇರುವವಳು ಸುಮ್ಮನೆ ಕೂತರೆ ಅದು ಖಿನ್ನತೆ ಆಗಬೇಕಿಲ್ಲ. ತೀರಿಹೋದ ತಂದೆಯ ಜೊತೆ ಮಾತಾಡಿದಂತಾಗುವುದು ಕೆಲವು ಮನೆಗಳಲ್ಲಿ ಸಹಜ. ದೂರದ ದೇಶದ ನರ್ಸಿಗೆ ಇದು ಹೇಗೆ ಗೊತ್ತಾಗಬೇಕು? ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗಪಟ್ಟಿಯಲ್ಲಿ ರೋಗಿಯ ಸಂಸ್ಕೃತಿಯನ್ನು ಅರಿಯಲೆಂದೇ 16 ಪ್ರಶ್ನೆಗಳ ಒಂದು ಸಂದರ್ಶನವಿದೆ. ಅದನ್ನು ಮಾಡಬಹುದೇ ಎಂದು ನೀವೇ ಕೇಳಬಹುದು.

ಅವರ ಭಾಷೆಯಲ್ಲೇ ಮಾತಾಡಿಸಲು ಹೇಳಿ

ಚೆನ್ನಾಗಿ ಇಂಗ್ಲಿಷ್ ಬರುವವರಿಗೂ ಕಾಯಿಲೆ ಬಿಗಿಯಾದಾಗ ಎರಡನೆಯ ಭಾಷೆ ಕೈಕೊಡುತ್ತದೆ. ತಾಯಿನುಡಿ ಬಲ್ಲ ವೃತ್ತಿಪರ ದುಭಾಷಿ ಬೇಕು ಎಂದು ಕೇಳಿ. ಆಸ್ಪತ್ರೆಯಲ್ಲಿ ಇಲ್ಲದಿದ್ದರೂ ಫೋನಿನಲ್ಲಿ ಭಾಷಾಂತರ ಮಾಡುವ ಸೇವೆಗಳು ಎಷ್ಟೋ ಕಡೆ ಇವೆ. ಪಕ್ಕದ ಹಾಸಿಗೆಯ ರೋಗಿ, ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿ, ಜೊತೆಗಿರುವ ಮಗು ದುಭಾಷಿಯಾಗಬಾರದು. ಮನೆಯವರೂ ಆಗದಿದ್ದರೆ ಮೇಲು. ಹೆಂಡತಿ ಎದುರು ಗಂಡ, ಅಮ್ಮನ ಎದುರು ಮಗಳು ಎಲ್ಲವನ್ನೂ ಹೇಳುವುದಿಲ್ಲ, ಹೇಳಿದ್ದನ್ನೂ ನಾವು ನಮಗೆ ತಿಳಿಯದ ಹಾಗೆ ಮೆತ್ತಗೆ ಮಾಡಿ ದಾಟಿಸುತ್ತೇವೆ.

ಬಲವಂತವಾಗಿ ಸೇರಿಸಿದ್ದರೆ

ಕೇಳಬೇಕಾದ ಮೊದಲ ಪ್ರಶ್ನೆ: ತಾನಾಗಿ ಸೇರಿದ್ದಾ, ಕಾನೂನಿನಡಿ ಹಿಡಿದಿಟ್ಟಿದ್ದಾ? ಹಿಡಿದಿಟ್ಟಿದ್ದರೆ ಯಾವ ಕಾನೂನು, ಎಷ್ಟು ದಿನ, ಯಾರ ಬಳಿ ಪ್ರಶ್ನಿಸಬಹುದು? ಇದನ್ನು ಬರಹದಲ್ಲಿ, ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಕೇಳಿ.

ನಿಯಮ ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ 1983ರ ಮಾನಸಿಕ ಆರೋಗ್ಯ ಕಾಯ್ದೆಯ 2ನೇ ಸೆಕ್ಷನ್ನಿನಡಿ ಪರೀಕ್ಷೆಗಾಗಿ 28 ದಿನದ ತನಕ ಇಟ್ಟುಕೊಳ್ಳಬಹುದು. ಮೊದಲ 14 ದಿನದೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ಆ ದಿನ ದಾಟಿದರೆ ಆ ಅವಕಾಶ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ತಡೆ 72 ಗಂಟೆಯದ್ದು. ಜನ ಅದನ್ನು "ಫಿಫ್ಟಿ ವನ್ ಫಿಫ್ಟಿ" ಎನ್ನುತ್ತಾರೆ, ಫೋನಿನಲ್ಲಿ ಆ ಮಾತು ಕೇಳಿಬಂದರೆ ಅರ್ಥ ಇದೇ. ಫ್ರಾನ್ಸಿನಲ್ಲಿ 12 ದಿನದೊಳಗೆ ನ್ಯಾಯಾಧೀಶರು ಪ್ರಕರಣ ನೋಡಲೇಬೇಕು. ಜಪಾನಿನಲ್ಲಿ ರೋಗಿ ಒಪ್ಪದಿದ್ದರೂ ಮನೆಯವರ ಒಪ್ಪಿಗೆಯ ಮೇಲೆ ಸೇರಿಸಿಕೊಳ್ಳುವ ಒಂದು ಬಗೆಯಿದೆ. ಅಲ್ಲಿಂದ ಫೋನ್ ಬಂದು ನಿಮ್ಮ ಸಹಿ ಕೇಳಿದರೆ ಗಾಬರಿಯಾಗಿ ಹೂಂ ಅನ್ನಬೇಡಿ, ಸಿಟ್ಟಿನಲ್ಲಿ ಉಹೂಂ ಅನ್ನಲೂ ಬೇಡಿ. ಏಕೆ, ಎಷ್ಟು ದಿನ, ಒಪ್ಪದಿದ್ದರೆ ಮುಂದೇನು ಎಂದು ದುಭಾಷಿಯ ಮೂಲಕ ಕೇಳಿ ಆಮೇಲೆ ತೀರ್ಮಾನಿಸಿ.

ಬಲವಂತದ ದಾಖಲಾತಿ ಅಂದರೆ ಜೈಲು ಅಂತ ಮನೆಯವರಿಗೆ ಅನ್ನಿಸುತ್ತದೆ. ಒಳಗಿರುವವರಿಗೂ ಅನ್ನಿಸುತ್ತದೆ. ಬಾಗಿಲಿಗೆ ಬೀಗ, ಫೋನ್ ಕಿತ್ತುಕೊಂಡಿದ್ದಾರೆ, ಬೆಲ್ಟು, ಶೂ ಲೇಸು ಕೂಡ ತೆಗೆದಿಟ್ಟಿದ್ದಾರೆ. ಅವರ ಜೊತೆ ಮಾತು ಸಿಕ್ಕಾಗ ಕಾನೂನು ವಿವರಿಸುತ್ತಾ ಕೂರಬೇಡಿ. ನಾವೆಲ್ಲ ಜೊತೆಗಿದ್ದೇವೆ, ನೀನು ಎಲ್ಲಿದ್ದೀಯ ಅಂತ ನಮಗೆ ಗೊತ್ತು, ನಾಳೆ ಇಂಥ ಹೊತ್ತಿಗೆ ಮತ್ತೆ ಮಾತಾಡ್ತೀವಿ ಅನ್ನಿ. ಆ ಹೊತ್ತಿಗೆ ಸರಿಯಾಗಿ ಫೋನ್ ಮಾಡಿ.

ರಾಯಭಾರ ಕಚೇರಿ ಏನು ಮಾಡುತ್ತದೆ

ಪಾಸ್‌ಪೋರ್ಟ್ ಯಾವ ದೇಶದ್ದೋ ಆ ದೇಶದ ಎಂಬೆಸಿ ಅಥವಾ ಕಾನ್ಸುಲೇಟಿಗೆ ಬೇಗ ತಿಳಿಸಿ. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿ ಬಂಧಿತರಾದ, ಅಥವಾ "ಬೇರೆ ಯಾವುದೇ ರೀತಿಯಲ್ಲಿ" ತಡೆಹಿಡಿಯಲ್ಪಟ್ಟ ವಿದೇಶಿಯರಿಗೆ ತಮ್ಮ ಕಾನ್ಸುಲೇಟಿಗೆ ಸುದ್ದಿ ಮುಟ್ಟಿಸಲು ಕೇಳುವ ಹಕ್ಕು ಕೊಡುತ್ತದೆ. ಬೀಗ ಹಾಕಿದ ವಾರ್ಡಿನಲ್ಲಿ ಇಟ್ಟಿದ್ದರೆ ಈ ಮಾತನ್ನು ಹಿಡಿದು ಕೇಳಬಹುದು. 37ನೇ ವಿಧಿ ಬಹಳ ಜನರಿಗೆ ಗೊತ್ತಿಲ್ಲ: ಸ್ವಂತ ತೀರ್ಮಾನ ತೆಗೆದುಕೊಳ್ಳಲಾಗದ ವಿದೇಶಿಯರೊಬ್ಬರಿಗೆ ಪಾಲಕರನ್ನು ನೇಮಿಸಬೇಕಾಗಿ ಬಂದರೆ ಅಲ್ಲಿನ ಅಧಿಕಾರಿಗಳು ತಡಮಾಡದೆ ಅವರ ಕಾನ್ಸುಲೇಟಿಗೆ ತಿಳಿಸಬೇಕು.

ಕಾನ್ಸುಲೇಟಿನವರು ಹೋಗಿ ನೋಡಬಹುದು, ಮನೆಯವರಿಗೂ ಆಸ್ಪತ್ರೆಗೂ ನಡುವೆ ಮಾತು ಜೋಡಿಸಬಹುದು, ವಕೀಲರ, ದುಭಾಷಿಗಳ ಪಟ್ಟಿ ಕೊಡಬಹುದು, ಕಳೆದುಹೋದ ಪಾಸ್‌ಪೋರ್ಟಿಗೆ ಬದಲಿ ಪ್ರಯಾಣ ಪತ್ರ ಮಾಡಿಕೊಡಬಹುದು. ಆಸ್ಪತ್ರೆಯಿಂದ ಬಿಡಿಸುವುದು, ಚಿಕಿತ್ಸೆ ಬದಲಿಸುವುದು ಅವರ ಕೈಯಲ್ಲಿಲ್ಲ. ಬಿಲ್ಲನ್ನೂ ಸಾಮಾನ್ಯವಾಗಿ ಕಟ್ಟುವುದಿಲ್ಲ. ರೋಗಿ ಬೇಡವೆಂದರೆ ಅವರೂ ನಿಮಗೆ ಎಲ್ಲ ಹೇಳಲಾರರು. ವೀಸಾ ಮುಗಿಯುವ ದಿನ ಹತ್ತಿರವಿದ್ದರೆ ಮೊದಲ ದಿನವೇ ಹೇಳಿ. ಆಸ್ಪತ್ರೆಯ ಪತ್ರ ಜೊತೆಗಿಟ್ಟು ವೀಸಾ ಅವಧಿ ಮುಗಿಯುವ ಮುಂಚೆಯೇ ಅರ್ಜಿ ಹಾಕಬೇಕು.

ದುಡ್ಡಿನ ವಿಷಯ

ಪ್ರವಾಸ ವಿಮೆ ಇದ್ದರೆ ಪಾಲಿಸಿಯ ಮೇಲಿರುವ 24 ಗಂಟೆಯ ಸಹಾಯವಾಣಿಗೆ ಅದೇ ದಿನ ಫೋನ್ ಮಾಡಿ, ಕೇಸ್ ನಂಬರ್ ಪಡೆಯಿರಿ. ತಡವಾಗಿ ಹೇಳಿದರು ಎಂದೇ ಹಣ ನಿರಾಕರಿಸುವುದುಂಟು. ಮಾನಸಿಕ ಕಾಯಿಲೆಯನ್ನೇ ಹೊರಗಿಟ್ಟ ಪಾಲಿಸಿಗಳು ಬಹಳ ಇವೆ. ಮೊದಲೇ ಇದ್ದ ಕಾಯಿಲೆಯನ್ನು ತಿಳಿಸಿರದಿದ್ದರೆ, ಕುಡಿತ ಅಥವಾ ಆತ್ಮಹತ್ಯೆಯ ಪ್ರಯತ್ನ ಸೇರಿದ್ದರೆ ಹಣ ಸಿಗದಿರಬಹುದು. ಹಾಗಂತ ಸುಳ್ಳು ಹೇಳಲು ಹೋಗಬೇಡಿ, ಆಸ್ಪತ್ರೆಯ ದಾಖಲೆ ಅವರ ಕೈಗೆ ಹೋಗೇ ಹೋಗುತ್ತದೆ. ನಿರಾಕರಿಸಿದರೆ ಕಾರಣವನ್ನು, ಪಾಲಿಸಿಯ ಯಾವ ಅಂಶ ಎಂಬುದನ್ನು ಬರಹದಲ್ಲಿ ಕೇಳಿ. ದೇಹದ ಕಾರಣದಿಂದ ಆದ ಗೊಂದಲ ಎಂದು ವೈದ್ಯರು ಬರೆದಿದ್ದರೆ ಪಾಲಿಸಿಯ ಲೆಕ್ಕವೇ ಬದಲಾಗುತ್ತದೆ.

ವಿಮೆ ಇಲ್ಲದಿದ್ದರೆ ಆಸ್ಪತ್ರೆಯ ಸೋಷಿಯಲ್ ವರ್ಕರನ್ನು ಕೇಳಿ, ಬಿಲ್ಲಿನ ಕೌಂಟರಿಗಿಂತ ಮುಂಚೆ. ಇಂಗ್ಲೆಂಡಿನಲ್ಲಿ ಮಾನಸಿಕ ಆರೋಗ್ಯ ಕಾಯ್ದೆಯಡಿ ಹಿಡಿದಿಟ್ಟ ವಿದೇಶಿ ಪ್ರವಾಸಿಗರಿಗೆ ಸರ್ಕಾರಿ ಆಸ್ಪತ್ರೆ ಆ ಚಿಕಿತ್ಸೆಗೆ ಶುಲ್ಕ ಹಾಕುವುದಿಲ್ಲ. ತಾನಾಗಿ ಸೇರಿದವರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಇಂಥ ನಿಯಮಗಳು ಸೋಷಿಯಲ್ ವರ್ಕರಿಗೇ ಚೆನ್ನಾಗಿ ಗೊತ್ತಿರುತ್ತವೆ.

ಹೋಟೆಲಿನಲ್ಲಿ ಉಳಿದ ಸಾಮಾನು, ಪಾಸ್‌ಪೋರ್ಟ್, ಲ್ಯಾಪ್‌ಟಾಪ್ ಯಾರ ಬಳಿ ಇವೆ ಎಂದು ವಿಚಾರಿಸಿ, ಪಟ್ಟಿ ಮಾಡಿಸಿ. ಉನ್ಮಾದದಲ್ಲಿ ಜನ ಕಾರ್ಡಿನಿಂದ ಸಿಕ್ಕಾಪಟ್ಟೆ ಖರ್ಚು ಮಾಡಿರುತ್ತಾರೆ, ಸಾಧ್ಯವಾದರೆ ಅವರಿಗೇ ಹೇಳಿ ಕಾರ್ಡ್ ತಡೆಹಿಡಿಸಿ.

ಈಗ ಮನೆಗೆ ಕರೆತರುವ ಮಾತು

ಮಲಗುತ್ತಿದ್ದಾರೆ, ಊಟ ಮಾಡುತ್ತಿದ್ದಾರೆ, ಮಾತ್ರೆ ತಾವಾಗಿ ತೆಗೆದುಕೊಳ್ಳುತ್ತಿದ್ದಾರೆ, ಹೇಳಿದ್ದು ಅರ್ಥವಾಗುತ್ತಿದೆ. ಇಷ್ಟಾದ ಮೇಲೆ ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನು ಕೇಳಿ: ವಿಮಾನದಲ್ಲಿ ಹೋಗಬಹುದೇ, ಜೊತೆಗೆ ಯಾರು ಬೇಕು? ವಿಮಾನಯಾನ ಸಂಸ್ಥೆಗಳು ಇದಕ್ಕೆ ಮೆಡಿಫ್ ಎಂಬ ಫಾರ್ಮ್ ಕೇಳುತ್ತವೆ. ಒಂದು ಭಾಗ ವೈದ್ಯರು ತುಂಬುತ್ತಾರೆ, ಸಂಸ್ಥೆಯ ವೈದ್ಯಕೀಯ ವಿಭಾಗ ನೋಡಿ ಒಪ್ಪುತ್ತದೆ. ಒಪ್ಪಿಗೆ ಬರುವ ಮುಂಚೆ ಬದಲಾಯಿಸಲಾಗದ ಟಿಕೆಟ್ ತೆಗೆಯಬೇಡಿ.

ಕಾಯಿಲೆ ಜೋರಾಗಿದ್ದರೆ ಮನೋರೋಗ ನರ್ಸ್ ಅಥವಾ ವೈದ್ಯರು ಜೊತೆಗೆ ಹಾರಬೇಕಾಗುತ್ತದೆ. ವಿಮೆ ಅದನ್ನು ಭರಿಸುತ್ತದೆಯೇ ಎಂದು ಕೇಳಿ. ಮನೆಯವರೇ ಹೋಗಿ ಕರೆತರುವುದಾದರೆ ಒಬ್ಬರಿಗಿಂತ ಇಬ್ಬರು ಮೇಲು, ಒಬ್ಬರು ಕಣ್ಣು ಮುಚ್ಚಿದಾಗ ಇನ್ನೊಬ್ಬರು ಎಚ್ಚರವಿರುತ್ತಾರೆ. ಒಂದೇ ನೇರ ವಿಮಾನ ಸಿಕ್ಕರೆ ಚೆಂದ. ನಡುವೆ ಇಳಿದು ಎಂಟು ಗಂಟೆ ಕಾಯುವ ನಿಲ್ದಾಣವೇ ಎಷ್ಟೋ ಸಲ ಮತ್ತೆ ಎಲ್ಲವನ್ನೂ ಕೆಡಿಸುತ್ತದೆ. ಕುಡಿತ ಬೇಡ. ಮಾತ್ರೆ ಕೈಚೀಲದಲ್ಲಿರಲಿ, ಚೀಟಿಯ ಜೊತೆಗೆ. ಆತಂಕಕ್ಕೆ, ನಿದ್ದೆಗೆ ಕೊಡುವ ಕೆಲವು ಮಾತ್ರೆಗಳಿಗೆ ದಾಟಿಹೋಗುವ ದೇಶದಲ್ಲೂ ಅನುಮತಿ ಬೇಕಾಗಬಹುದು. ಗಡಿಯಾರ ಬದಲಾದಾಗ ಎಷ್ಟು ಹೊತ್ತಿಗೆ ಯಾವ ಮಾತ್ರೆ ಎಂದು ಹೊರಡುವ ಮುಂಚೆ ವೈದ್ಯರಿಂದ ಬರೆಸಿಕೊಳ್ಳಿ.

ಮುಖ್ಯವಾಗಿ, ಹೋಗಲು ಅವರಿಗೆ ಇಷ್ಟವಿದೆಯೇ ಎಂದು ಅವರನ್ನೇ ಕೇಳಿ. ಸುಳ್ಳು ಹೇಳಿ ವಿಮಾನ ಹತ್ತಿಸಿದರೆ ಅವರು ನಿಮ್ಮ ಮಾತನ್ನು ಮತ್ತೆ ನಂಬುವುದು ಕಷ್ಟ, ಮುಂದಿನ ಚಿಕಿತ್ಸೆಗೆ ಬೇಕಾದದ್ದೇ ಆ ನಂಬಿಕೆ.

ಡಿಸ್ಚಾರ್ಜ್ ಸಮ್ಮರಿ ಇಲ್ಲದೆ ವಾರ್ಡಿನಿಂದ ಹೊರಗೆ ಕಾಲಿಡಬೇಡಿ. ನಿಮ್ಮ ವೈದ್ಯರಿಗೆ ಓದಲು ಬರುವ ಭಾಷೆಯಲ್ಲಿ ಅದು ಬೇಕು. ರೋಗದ ಹೆಸರು, ಕೊಟ್ಟ ಔಷಧಗಳ ಮೂಲ ಹೆಸರು ಮತ್ತು ಡೋಸ್, ಕೊನೆಯ ಇಂಜೆಕ್ಷನ್ನಿನ ದಿನ, ರಕ್ತ ಪರೀಕ್ಷೆಗಳು, ಸ್ಕ್ಯಾನ್ ಎಲ್ಲ ಅದರಲ್ಲಿರಲಿ. ಎರಡು ವಾರಕ್ಕಾಗುವಷ್ಟಾದರೂ ಮಾತ್ರೆ ಕೇಳಿ ಪಡೆಯಿರಿ. ಇಲ್ಲಿನ ಮನೋವೈದ್ಯರ ಅಪಾಯಿಂಟ್‌ಮೆಂಟ್ ವಿಮಾನ ಹಾರುವ ಮುಂಚೆಯೇ ಗೊತ್ತಾಗಿರಲಿ, ಇಳಿದ ಮೂರು ನಾಲ್ಕು ದಿನದೊಳಗೆ.

ಮನೆ ಸೇರಿದ ಮೊದಲ ವಾರ ನೆಂಟರಿಷ್ಟರ ಭೇಟಿ ಬೇಡ. ಅಲ್ಲಿ ಏನಾಯಿತು, ಹಾಗೇಕೆ ಮಾಡಿದೆ ಎಂದು ಕೆದಕಬೇಡಿ. ಅವರಿಗೆ ಕೆಲವು ನೆನಪಿರುತ್ತವೆ, ಕೆಲವು ಇರುವುದಿಲ್ಲ, ನೆನಪಿರುವುದರ ಬಗ್ಗೆ ನಾಚಿಕೆಯೂ ಇರುತ್ತದೆ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಮಾತ್ರೆ, ಕತ್ತಲಾದ ಮೇಲೆ ಸದ್ದಿಲ್ಲದ ಮನೆ ಸಾಕು. ನೀವು ಬರೆದು ಕಳಿಸಿದ್ದ ಆ ಒಂದು ಪುಟವನ್ನು ಎಸೆಯಬೇಡಿ. ಅಲ್ಲಿ ಒಗ್ಗಿದ ಔಷಧವನ್ನು ಅದಕ್ಕೆ ಸೇರಿಸಿ, ಅವರು ಚೇತರಿಸಿಕೊಂಡ ಮೇಲೆ ಅವರ ಕೈಯಲ್ಲೇ ತಿದ್ದಿಸಿ, ಪಾಸ್‌ಪೋರ್ಟಿನ ಕವರಿನೊಳಗೆ ಇಡಿ.